ಸಹಿಗಿಂತ ಸಾಕ್ಷಿ ದುಬಾರಿ

ಕ್ಯಾಲಿಫೋರ್ನಿಯಾದಲ್ಲಿ ಮಗನ ಮನೆಯ ಹತ್ತಿರ ಒಂದು ಮಾಲ್ ಇದೆ. ಬಟ್ಟೆ, ಬೂಟು, ಅತ್ತರಿನ ಅಂಗಡಿಗಳಲ್ಲಿ ನನ್ನಂಥ ನಿವೃತ್ತನಿಗೆ ಕೆಲಸವಿಲ್ಲ. ನಾನು ಹೋಗಿ ನಿಲ್ಲುವುದು ಆಟಗಾರರ ಸಹಿ ಮಾರುವ ಅಂಗಡಿಯಲ್ಲಿ. ಪಾರದರ್ಶಕ ಡಬ್ಬಿಗಳಲ್ಲಿ ಸಹಿ ಇರುವ ಬೇಸ್‌ಬಾಲ್ ಚೆಂಡುಗಳು, ಫ್ರೇಮು ಹಾಕಿಸಿದ ಜರ್ಸಿಗಳು, ಗೋಡೆಗೆ ಅಡ್ಡ ಕೂರಿಸಿದ ಬ್ಯಾಟುಗಳು. ಒಮ್ಮೆ ಅಲ್ಲಿ ಒಬ್ಬನೇ ಆಟಗಾರನ ಎರಡು ಚೆಂಡು ಅಕ್ಕಪಕ್ಕ ಇದ್ದವು. ಅದೇ ಕಂಪನಿ, ಅದೇ ನೀಲಿ ಶಾಯಿ, ಸಹಿಯೂ ಒಂದೇ ಕೈಯದು. ಒಂದರ ಬೆಲೆ ಇನ್ನೊಂದರ ದುಪ್ಪಟ್ಟು. ಯಾಕೆಂದು ಕೇಳಿದೆ. ಅಂಗಡಿಯ ಹುಡುಗ ದುಬಾರಿ ಚೆಂಡನ್ನು ತಿರುಗಿಸಿ, ಅದರ ಮೇಲಿದ್ದ ಉಗುರಿನಷ್ಟಗಲದ ಮಿರುಗುವ ಚೀಟಿ ತೋರಿಸಿದ. ಇದಕ್ಕೆ ಸಹಿ ಹಾಕುವಾಗ ನೋಡಿದವರಿದ್ದಾರೆ, ಅದಕ್ಕೆ ಇಲ್ಲ, ಅಷ್ಟೇ ವ್ಯತ್ಯಾಸ ಅಂದ.

ಆ ಮಾತು ನನಗೆ ಹಿಡಿಸಿತು. ನನ್ನ ನೌಕರಿಯ ಬಹುಪಾಲು ಬ್ಯಾಂಕಿನಲ್ಲಿ ಸಹಿ ತಾಳೆ ನೋಡುವುದರಲ್ಲೇ ಕಳೆದುಹೋಯಿತು. ತಿಪಟೂರಿನ ಕೊಬ್ಬರಿ ಮಂಡಿ ವರ್ತಕರ ಚೆಕ್ಕುಗಳು ಮೇಜಿನ ಮೇಲೆ ರಾಶಿ ಬಿದ್ದಿರುತ್ತಿದ್ದವು. ಪಕ್ಕದಲ್ಲಿ ಮಾದರಿ ಸಹಿ ಕಾರ್ಡುಗಳ ಉದ್ದನೆಯ ಡ್ರಾಯರು. ಹೊಸಬನಾಗಿದ್ದಾಗ ಹಿರಿಯರು ಹೇಳಿಕೊಟ್ಟ ಮೊದಲ ಪಾಠ, ಕಾರ್ಡಿನಲ್ಲಿರುವ ಹಾಗೆಯೇ ಕೂದಲೆಳೆಯಷ್ಟೂ ಬದಲಾಗದೆ ಬಂದ ಸಹಿಯನ್ನು ಮೊದಲು ಅನುಮಾನಿಸಬೇಕು ಎಂಬುದು. ಮನುಷ್ಯ ತನ್ನ ಹೆಸರನ್ನು ಎರಡು ಸಲ ಒಂದೇ ರೀತಿ ಬರೆಯುವುದಿಲ್ಲ. ಕದ್ದು ಬರೆಯುವವನು ಮಾತ್ರ ಒಂದೇ ರೀತಿ ಬರೆಯಲು ಹೆಣಗುತ್ತಾನೆ. ಹೆಣಗುವುದರಿಂದಲೇ ಅವನ ಗೆರೆ ನಿಧಾನವಾಗಿರುತ್ತದೆ, ನಡುವೆ ಪೆನ್ನು ಎತ್ತಿದ ಗುರುತಿರುತ್ತದೆ, ಶುರುವಿನಲ್ಲೂ ಕೊನೆಯಲ್ಲೂ ಶಾಯಿ ಮೊಂಡಾಗಿ ನಿಂತಿರುತ್ತದೆ. ಈ ಕಣ್ಣಿಟ್ಟುಕೊಂಡು ಅಮೆರಿಕದ ಸಹಿ ವ್ಯಾಪಾರದ ಹಿಂದುಮುಂದು ಓದತೊಡಗಿದೆ. ಸಹಿ ಮಾರುತ್ತಿದ್ದ ಜನ ಸಾಕ್ಷಿಯನ್ನು ಮಾರುವವರಾಗಿ ಬದಲಾದ ಕಥೆ ಅದು.

ಮೊದಲು ಇದು ವ್ಯಾಪಾರವೇ ಆಗಿರಲಿಲ್ಲ. ಬೇಬ್ ರೂತ್ 1920ರ ದಶಕದಲ್ಲಿ ಬೇಸ್‌ಬಾಲಿನ ದೊರೆ. ಮೈದಾನದ ಬಾಗಿಲಲ್ಲಿ, ರೈಲು ನಿಲ್ದಾಣದಲ್ಲಿ, ಹೋಟೆಲಿನ ಮುಂದೆ ಹುಡುಗರು ಮುತ್ತಿಕೊಂಡರೆ ಆತ ನಿಂತು ಸಹಿ ಹಾಕಿಕೊಡುತ್ತಿದ್ದ. ಕಾಸು ಕೇಳುವ ಮಾತೇ ಇರಲಿಲ್ಲ. ಆ ಕಾಲದ ಚೆಂಡುಗಳಿಗೆ ಚೀಟಿಯಿಲ್ಲ, ಪ್ರಮಾಣಪತ್ರವಿಲ್ಲ. 'ನಮ್ಮಪ್ಪನಿಗೆ ರೂತ್ ಕೈಯಾರೆ ಕೊಟ್ಟದ್ದು' ಎಂಬ ಮನೆಮಾತೊಂದೇ ದಾಖಲೆ. ಆ ಮನೆಮಾತನ್ನೂ ಪೂರ್ತಿ ನಂಬುವಂತಿಲ್ಲ. ತಂಡದ ಎಲ್ಲರ ಸಹಿ ಬೇಕೆಂದು ಬರುತ್ತಿದ್ದ ಚೆಂಡುಗಳು ಡಜನ್‌ಗಟ್ಟಲೆ ಇರುತ್ತಿದ್ದವು. ಬೇಸರ ಬಂದ ತಾರೆಯ ಬದಲು ಡ್ರೆಸಿಂಗ್ ರೂಮಿನ ಸಹಾಯಕರೇ ಅವನ ಹೆಸರು ಗೀಚಿ ಕಳಿಸಿದ್ದುಂಟು. ಮೋಸ ಮಾಡುವ ಉದ್ದೇಶವೇನೂ ಅವರಿಗಿರಲಿಲ್ಲ. ಬೆಲೆಯಿಲ್ಲದ ವಸ್ತುವಿನಲ್ಲಿ ಮೋಸಕ್ಕೆ ಏನಿದೆ? ಬೆಲೆ ಬಂದ ಮೇಲೆ ಆ ಗೀಚು ಖೋಟಾ ಎನಿಸಿಕೊಂಡಿತು.

ಬೆಲೆ ಬಂದದ್ದು 1970ರ ದಶಕದ ನಂತರ. ಹುಡುಗರಾಗಿ ಆಟಗಾರರ ಚಿತ್ರದ ಕಾರ್ಡು ಕೂಡಿಟ್ಟವರು ದೊಡ್ಡವರಾಗಿ ಸಂಬಳ ಎಣಿಸುವ ಹೊತ್ತಿಗೆ, ಕಾರ್ಡು ಕೊಳ್ಳುವ ಮಾರುವ ಮೇಳಗಳು ಊರೂರಲ್ಲಿ ನಡೆಯತೊಡಗಿದವು. 1980ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೊದಲ ರಾಷ್ಟ್ರೀಯ ಸಮಾವೇಶ ಸೇರಿತು. ಜನರನ್ನು ಸೆಳೆಯಲು ಮೇಳದವರು ನಿವೃತ್ತ ಆಟಗಾರರನ್ನು ಕರೆಸಿ ಮೇಜಿನ ಹಿಂದೆ ಕೂರಿಸಿದರು. ಒಂದು ಸಹಿಗೆ ಇಷ್ಟು ಎಂದು ಟಿಕೆಟ್ಟು ಬಂತು.

ಆಟಗಾರರು ಯಾಕೆ ಬಂದರು ಅನ್ನುವುದರ ಉತ್ತರ ಅವರ ಹಳೆಯ ಸಂಬಳ ಪಟ್ಟಿಯಲ್ಲಿದೆ. 1975ರ ಕೊನೆಯಲ್ಲಿ ಮಧ್ಯಸ್ಥಗಾರನೊಬ್ಬ ತೀರ್ಪು ಕೊಡುವವರೆಗೆ ಬೇಸ್‌ಬಾಲ್ ಆಟಗಾರ ತನ್ನ ತಂಡ ಬಿಟ್ಟು ಇನ್ನೊಂದಕ್ಕೆ ಹೋಗುವಂತಿರಲಿಲ್ಲ. ಮಾಲೀಕರು ಕೊಟ್ಟಷ್ಟೇ ಸಂಬಳ. ನ್ಯೂಯಾರ್ಕ್ ಯಾಂಕೀಸ್‌ನ ಮಿಕ್ಕಿ ಮ್ಯಾಂಟಲ್ 1968ರಲ್ಲಿ ಆಟ ಮುಗಿಸಿದಾಗ ಅವನ ಅತಿ ಹೆಚ್ಚಿನ ವಾರ್ಷಿಕ ಸಂಬಳ 1 ಲಕ್ಷ ಡಾಲರ್. 1980ರ ದಶಕದಲ್ಲಿ ಮೇಳಗಳಲ್ಲಿ ಕೂತು ಸಹಿ ಹಾಕಿಯೇ ಆತ ಅದಕ್ಕಿಂತ ಹೆಚ್ಚು ಗಳಿಸಿದ. ಅವನ ಸರೀಕರಿಗೆ ತಡವಾಗಿ ಬಂದ ಪಿಂಚಣಿ ಇದು. ತಿಂಗಳ ಮೊದಲ ತಾರೀಕು ಕೌಂಟರಿನ ಮುಂದೆ ಸಾಲು ನಿಲ್ಲುತ್ತಿದ್ದ ಪಿಂಚಣಿದಾರರನ್ನು ಕಂಡ ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. ಹುಡುಗನ ಕೈಲಿ ದುಡ್ಡಿಸಿಕೊಂಡು ಹೆಸರು ಬರೆದುಕೊಡುವ ಮುದುಕ ದುರಾಸೆಯವನು ಎಂದು ಹೇಳುವುದು ಸುಲಭ. ಅವನು ಕ್ರೀಡಾಂಗಣ ತುಂಬಿಸುತ್ತಿದ್ದಾಗ ಆ ದುಡ್ಡು ಯಾರ ಪೆಟ್ಟಿಗೆಗೆ ಹೋಯಿತು ಎಂದೂ ಕೇಳಬೇಕಲ್ಲ.

ಆದರೆ ನಗದಿನ ವ್ಯವಹಾರಕ್ಕೆ ಅದರದೇ ಗುಣವಿದೆ. ಮೇಳದ ದುಡ್ಡು ಕೈಯಿಂದ ಕೈಗೆ ಹೋಗುತ್ತಿತ್ತು, ತೆರಿಗೆ ಲೆಕ್ಕಕ್ಕೆ ಎಲ್ಲವೂ ಬರುತ್ತಿರಲಿಲ್ಲ. 1990ರಲ್ಲಿ ಪೀಟ್ ರೋಸ್ ಎಂಬ ದೊಡ್ಡ ಆಟಗಾರ ಸಹಿ, ನೆನಪಿನ ವಸ್ತುಗಳ ಮಾರಾಟ ಮತ್ತು ಕುದುರೆ ಜೂಜಿನ ಆದಾಯ ಮುಚ್ಚಿಟ್ಟದ್ದಕ್ಕೆ ಐದು ತಿಂಗಳ ಜೈಲು ಶಿಕ್ಷೆಗೆ ಗುರಿಯಾದ. 1995ರಲ್ಲಿ ಡ್ಯೂಕ್ ಸ್ನೈಡರ್ ಮತ್ತು ವಿಲ್ಲಿ ಮೆಕಾವಿ ಮೇಳದ ಆದಾಯಕ್ಕೆ ತೆರಿಗೆ ಕಟ್ಟಲಿಲ್ಲವೆಂದು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಇಬ್ಬರೂ ಬೇಸ್‌ಬಾಲಿನ ಗೌರವ ಭವನವಾದ ಹಾಲ್ ಆಫ್ ಫೇಮ್ ಸೇರಿದವರು.

ಮೇಳದ ಹಿಂದೆಯೇ ಕಂಪನಿಗಳು ಬಂದವು. ನ್ಯೂಜೆರ್ಸಿಯ ಚೆರಿ ಹಿಲ್‌ನ ಸ್ಕೋರ್ ಬೋರ್ಡ್ ಕಂಪನಿ 1993ರಲ್ಲಿ ಜೋ ಡಿಮ್ಯಾಜಿಯೊನಿಂದ 1,941 ಬ್ಯಾಟುಗಳಿಗೆ ಸಹಿ ಹಾಕಿಸಿತು. 1941ರಲ್ಲಿ ಆತ ಸತತ 56 ಪಂದ್ಯಗಳಲ್ಲಿ ಹಿಟ್ ಬಾರಿಸಿ ದಾಖಲೆ ಮಾಡಿದ್ದ. ಆ ವರ್ಷದ ಅಂಕಿಯೇ ಬ್ಯಾಟುಗಳ ಲೆಕ್ಕವಾಯಿತು. ಒಂದೊಂದಕ್ಕೆ 3,995 ಡಾಲರ್. ಮೊದಲೆಲ್ಲ ಬ್ಯಾಟಿಗೆ ಸಹಿ ಹಾಕಲು ಹಿಂದೆಗೆಯುತ್ತಿದ್ದ ಮನುಷ್ಯ ಆತ. ಸ್ಕೋರ್ ಬೋರ್ಡ್ 1998ರಲ್ಲಿ ದಿವಾಳಿಯಾಯಿತು. 1989ರ ಸಿನಿಮಾವೊಂದರ ಹೆಸರಿಟ್ಟುಕೊಂಡ 'ಫೀಲ್ಡ್ ಆಫ್ ಡ್ರೀಮ್ಸ್' ಎಂಬ ಅಂಗಡಿ ಸರಣಿ ಮಾಲ್‌ಗಳ ಒಳಗೆ ಬಂತು. ಮೇಳದ ಧೂಳು ಗದ್ದಲಗಳಿಲ್ಲದೆ, ತಣ್ಣನೆಯ ದೀಪದ ಕೆಳಗೆ, ಕ್ರೆಡಿಟ್ ಕಾರ್ಡಿಗೆ ಸಹಿ ಸಿಗತೊಡಗಿತು. ಆ ಸರಣಿಯ ಒಡೆತನದ ಕಂಪನಿಯನ್ನು 2012ರಲ್ಲಿ ಫ್ಯಾನಾಟಿಕ್ಸ್ ಎಂಬ ಕ್ರೀಡಾ ಸರಕಿನ ಕಂಪನಿ ಕೊಂಡುಕೊಂಡಿತು.

ಅಂಗಡಿಗೆ ಬಂದ ಗಿರಾಕಿ ಕೇಳುವುದು ಒಂದೇ: ಇದು ಅಸಲಿ ಅನ್ನುವುದಕ್ಕೆ ಏನು ಗ್ಯಾರಂಟಿ? ಮೊದಲ ಉತ್ತರ ಪ್ರಮಾಣಪತ್ರ. ದಪ್ಪ ಕಾಗದ, ಚಿನ್ನದ ಬಣ್ಣದ ಮುದ್ರೆ, ಕೆಳಗೆ ಅಂಗಡಿಯವನದೇ ಸಹಿ. ತಾನು ಮಾರುವ ಮಾಲಿಗೆ ತಾನೇ ಸಾಕ್ಷಿ. ಸಾಲಗಾರ ತನ್ನ ಸಾಲಕ್ಕೆ ತಾನೇ ಜಾಮೀನು ನಿಂತರೆ ಯಾವ ಬ್ಯಾಂಕೂ ಒಪ್ಪುವುದಿಲ್ಲ. ಈ ವ್ಯಾಪಾರ ಅದನ್ನು ವರ್ಷಾನುಗಟ್ಟಲೆ ಒಪ್ಪಿತು.

ಒಪ್ಪಿದ್ದರ ಫಲ 1990ರ ದಶಕದ ನಡುವೆ ಕಾಣಿಸಿತು. ಶಿಕಾಗೊದಲ್ಲಿ ಬ್ಯಾಸ್ಕೆಟ್‌ಬಾಲಿನ ಮೈಕೆಲ್ ಜೋರ್ಡನ್‌ನ ಖೋಟಾ ಸಹಿಗಳ ಬೆನ್ನುಹತ್ತಿ ಎಫ್‌ಬಿಐ ತನಿಖೆ ಶುರುಮಾಡಿತು. ಆಮೇಲೆ ಸ್ಯಾನ್ ಡಿಯಾಗೊದಲ್ಲಿ ಬೇಸ್‌ಬಾಲ್ ತಾರೆ ಟೋನಿ ಗ್ವಿನ್ ತನ್ನ ಹೆಸರಿನಲ್ಲಿ ಮಾರಾಟಕ್ಕಿದ್ದ ಸಹಿಗಳನ್ನು ನೋಡಿ, ಇವು ನನ್ನ ಕೈಯವಲ್ಲ ಎಂದು ಅಧಿಕಾರಿಗಳಿಗೆ ತಿಳಿಸಿದ. ಆಪರೇಷನ್ ಬುಲ್‌ಪೆನ್ ಎಂಬ ಹೆಸರಿನಲ್ಲಿ ಮಾರುವೇಷದ ಅಧಿಕಾರಿಗಳು ವ್ಯಾಪಾರಿಗಳ ನಡುವೆ ಸೇರಿಕೊಂಡರು. 1999ರ ಅಕ್ಟೋಬರಿನಲ್ಲಿ ಹಲವು ರಾಜ್ಯಗಳಲ್ಲಿ ಒಂದೇ ದಿನ ದಾಳಿ ನಡೆಯಿತು. ಕಾರ್ಯಾಚರಣೆ ಮುಗಿಯುವ ಹೊತ್ತಿಗೆ 18 ಖೋಟಾ ಜಾಲಗಳು ಬಯಲಾಗಿದ್ದವು. ಹೆಚ್ಚು ಬೇಡಿಕೆಯಿರುವ ತಾರೆಯರ ಸಹಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಕಲಿ ಎಂಬ ಅಂದಾಜನ್ನು ಎಫ್‌ಬಿಐ ಮುಂದಿಟ್ಟಿತು. ವಶಪಡಿಸಿಕೊಂಡ ಮಾಲಿನಲ್ಲಿ ಮದರ್ ತೆರೇಸಾ ಸಹಿ ಮಾಡಿದ ಬೇಸ್‌ಬಾಲ್ ಚೆಂಡೂ ಇತ್ತು! ಕೊಲ್ಕತ್ತಾದ ಆ ತಾಯಿ ಬೇಸ್‌ಬಾಲಿಗೆ ಯಾಕೆ ಸಹಿ ಹಾಕಿಯಾರು ಎಂದು ಯೋಚಿಸದೆ ದುಡ್ಡು ಕೊಡುವ ಗಿರಾಕಿ ಇದ್ದಾನೆ ಎಂಬ ಭರವಸೆ ಖೋಟಾಗಾರರಿಗೆ ಇತ್ತು. ನಕಲಿ ಸಹಿಗಳ ಜೊತೆಗೆ ನಕಲಿ ಪ್ರಮಾಣಪತ್ರಗಳೂ ಬಿಕರಿಯಾಗುತ್ತಿದ್ದವು. ಪತ್ರ ನೋಡಿ ಕೊಂಡವನು ಪತ್ರದಿಂದಲೇ ಮೋಸಹೋಗಿದ್ದ.

ಅದರ ನಂತರ ವ್ಯಾಪಾರ ಎರಡು ದಾರಿ ಹಿಡಿಯಿತು. ಒಂದು ಅಭಿಪ್ರಾಯದ ದಾರಿ, ಇನ್ನೊಂದು ಸಾಕ್ಷಿಯ ದಾರಿ.

ಅಭಿಪ್ರಾಯದ ದಾರಿಯಲ್ಲಿರುವುದು 1998ರಲ್ಲಿ ಶುರುವಾದ ಪಿಎಸ್‌ಎ ಡಿಎನ್‌ಎಯಂಥ ಸಂಸ್ಥೆಗಳು. ನೀವು ಚೆಂಡು ಕಳಿಸಿ ಶುಲ್ಕ ಕಟ್ಟಿದರೆ, ಅವರ ಪರಿಣತರು ನೋಡಿ ಅಸಲಿ ಅನ್ನಿಸುತ್ತದೆ ಅಥವಾ ಅನ್ನಿಸುವುದಿಲ್ಲ ಎಂದು ಬರೆದುಕೊಡುತ್ತಾರೆ. ಇದು ನಾನು ಮಾಡುತ್ತಿದ್ದ ಕೆಲಸವೇ. ಮಾದರಿಯ ಪಕ್ಕದಲ್ಲಿಟ್ಟು ಗೆರೆಯ ಓಟ, ಒತ್ತು, ಅಕ್ಷರದ ವಾಲು ನೋಡುವುದು. ನೇರಳಾತೀತ ದೀಪದ ಕೆಳಗೆ ಹಿಡಿದು ನೋಡುವುದು, ಹಳೆಯದೆಂದು ಹೇಳುವ ಕಾಗದದಲ್ಲಿ ಈಚಿನ ಹೊಳಪುಕಾರಕ ಬೆರೆತಿದ್ದರೆ ಅದು ಬೆಳ್ಳಗೆ ಹೊಳೆಯುತ್ತದೆ. ಇವರ ಪಾಠಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಚೆಂಡಿನದು. ಹಿಂದೆ ಅಮೆರಿಕನ್ ಲೀಗಿನ ಅಧಿಕೃತ ಚೆಂಡಿನ ಮೇಲೆ ಆ ಕಾಲದ ಲೀಗ್ ಅಧ್ಯಕ್ಷನ ಹೆಸರು ಅಚ್ಚಾಗಿರುತ್ತಿತ್ತು. ವಿಲಿಯಂ ಹ್ಯಾರಿಡ್ಜ್ 1931ರಿಂದ 1959ರವರೆಗೆ ಅಧ್ಯಕ್ಷ. ಅವನ ನಂತರ ಜೋ ಕ್ರೋನಿನ್. ಬೇಬ್ ರೂತ್ ತೀರಿಕೊಂಡದ್ದು 1948ರ ಆಗಸ್ಟ್ 16ರಂದು. ಕ್ರೋನಿನ್ ಹೆಸರು ಅಚ್ಚಾದ ಚೆಂಡಿನ ಮೇಲೆ ರೂತ್ ಸಹಿ ಇದ್ದರೆ, ಆ ಸಹಿ ಎಷ್ಟೇ ಮುದ್ದಾಗಿರಲಿ, ಸತ್ತವನು ಬರೆದದ್ದಾಗಬೇಕು. ಕ್ರಯಪತ್ರದ ತಾರೀಕಿಗಿಂತ ಛಾಪಾ ಕಾಗದ ಮಾರಿದ ತಾರೀಕು ಈಚಿನದಾಗಿದ್ದರೆ ನಮ್ಮ ಬ್ಯಾಂಕಿನ ವಕೀಲರು ಕಡತವನ್ನು ಅಲ್ಲಿಗೇ ಮುಚ್ಚುತ್ತಿದ್ದರು. ಸಹಿ ಓದುವ ಮೊದಲು ಸಹಿ ಕೂತ ಜಾಗ ಓದಬೇಕು.

ಆದರೂ ಅಭಿಪ್ರಾಯ ಅಭಿಪ್ರಾಯವೇ. ಇಬ್ಬರು ಪರಿಣತರು ಎರಡು ಮಾತು ಹೇಳಬಹುದು. ಸಾಕ್ಷಿಯ ದಾರಿ ಬೇರೆ. ಅದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು ಕಾರ್ಡು ಅಚ್ಚು ಹಾಕುತ್ತಿದ್ದ ಅಪ್ಪರ್ ಡೆಕ್ ಕಂಪನಿ. ಅವರು 1989ರ ಮೊದಲ ಕಾರ್ಡುಗಳ ಮೇಲೇ ನಕಲು ತಡೆಯಲು ಹಾಲೋಗ್ರಾಂ ಎಂಬ ಮಿರುಗುವ ಗುರುತು ಅಂಟಿಸಿದ್ದರು. 1990ರಲ್ಲಿ ಬೇಸ್‌ಬಾಲ್ ತಾರೆ ರೆಗ್ಗಿ ಜಾಕ್ಸನ್ ಸಹಿ ಮಾಡಿದ, ಕ್ರಮಸಂಖ್ಯೆ ಹಾಕಿದ 2,500 ಕಾರ್ಡುಗಳನ್ನು ಸಾಮಾನ್ಯ ಪೊಟ್ಟಣಗಳ ಒಳಗೆ ಬೆರೆಸಿ ಕಳಿಸಿದರು. 1992ರಲ್ಲಿ ಸಹಿಗಾಗಿಯೇ ಬೇರೆ ಕಂಪನಿ ತೆರೆದು, ತಮ್ಮ ಪ್ರತಿನಿಧಿಯ ಎದುರೇ ಆಟಗಾರ ಸಹಿ ಹಾಕಬೇಕು, ವಸ್ತುವಿನ ಮೇಲಿನ ಹಾಲೋಗ್ರಾಂ ಸಂಖ್ಯೆ ಪ್ರಮಾಣಪತ್ರದ ಸಂಖ್ಯೆಗೆ ತಾಳೆಯಾಗಬೇಕು ಎಂಬ ಕ್ರಮ ತಂದರು. ಮೈಕೆಲ್ ಜೋರ್ಡನ್ ಅವರ ಜೊತೆ ಕರಾರು ಮಾಡಿಕೊಂಡ.

2001ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆಯೇ ಈ ಕೆಲಸಕ್ಕೆ ಇಳಿಯಿತು. ಬುಲ್‌ಪೆನ್ ದಾಳಿಯ ಪಾಠ ಅದು. ಸಾಕ್ಷಿಗೆ ನಿಲ್ಲಲು ಅವರು ಮೊದಲು ಆರಿಸಿದ್ದು ಆರ್ಥರ್ ಆಂಡರ್ಸನ್ ಎಂಬ ಲೆಕ್ಕಪರಿಶೋಧನಾ ಸಂಸ್ಥೆಯನ್ನು. ಲೆಕ್ಕದ ಪುಸ್ತಕ ನಂಬುವ ಯಾರಿಗಾದರೂ ಒಳ್ಳೆಯ ಆಯ್ಕೆ ಅನ್ನಿಸುತ್ತಿತ್ತು. ಮರುವರ್ಷವೇ ಎನ್ರಾನ್ ಹಗರಣದಲ್ಲಿ ಆಂಡರ್ಸನ್ ಮುಳುಗಿಹೋಯಿತು. ಚೆಂಡಿನ ಮೇಲಿನ ಹೆಸರಿಗೆ ಸಾಕ್ಷಿ ನಿಂತವರು ಒಂದು ದೊಡ್ಡ ಕಂಪನಿಯ ಜಮಾಖರ್ಚಿಗೆ ನೆಟ್ಟಗೆ ಸಾಕ್ಷಿ ನಿಂತಿರಲಿಲ್ಲ. ಬ್ಯಾಂಕಿನವರು ಇದನ್ನು ಓದಿ ನಗದೆ ಇರಲು ಸಾಧ್ಯವಿಲ್ಲ. ಕಾರ್ಯಕ್ರಮ ಮಾತ್ರ ನಿಲ್ಲಲಿಲ್ಲ. ಈಗ ಪೊಲೀಸ್ ಕೆಲಸದಿಂದ ನಿವೃತ್ತರಾದವರು, ರಜೆಯ ಹೊತ್ತಿನಲ್ಲಿ ದುಡಿಯುವ ಪೊಲೀಸರು ಪ್ರತಿ ಪಂದ್ಯದಲ್ಲೂ ಕೂತಿರುತ್ತಾರೆ. ಆಟದಲ್ಲಿ ಬಳಸಿದ ಚೆಂಡು, ಬ್ಯಾಟು, ನೆಲಕ್ಕೆ ಹಾಸಿದ ಬೇಸು ಅವರ ಕಣ್ಣೆದುರೇ ಹೊರಗೆ ಬಂದು ಹಾಲೋಗ್ರಾಂ ಅಂಟಿಸಿಕೊಳ್ಳುತ್ತವೆ. ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ಹಾಕಿ ನೋಡಿದರೆ ವಸ್ತು ಯಾವ ಪಂದ್ಯದ್ದು ಎಂದು ತಿಳಿಯುತ್ತದೆ.

ಇದರಲ್ಲಿ ನನಗೆ ಹೊಸದೇನೂ ಕಾಣಲಿಲ್ಲ. ನಮ್ಮ ಹಳೆ ಮೈಸೂರು ಸೀಮೆಯ ಕ್ರಯಪತ್ರಗಳ ಕೊನೆಗೆ ಬರೆದುಕೊಟ್ಟವನ ಸಹಿ ಇದ್ದರೆ ಸಾಲದು. ಇಬ್ಬರು ಸಾಕ್ಷಿಗಳು, ಪತ್ರ ಬರೆದವನ ಬಿಕ್ಕಲಂ, ಆಮೇಲೆ ಸಬ್‌ರಿಜಿಸ್ಟ್ರಾರ್ ಎದುರು ಹೆಬ್ಬೆಟ್ಟು. ಬರೆಸಿಕೊಂಡವನಿಗೆ ಅಷ್ಟು ಜನರ ಕಣ್ಣು ಬೇಕಿತ್ತು. ಆ ಕಣ್ಣುಗಳನ್ನೂ ದಾಟಿ ಮೋಸ ಹೇಗೆ ಬರುತ್ತದೆ ಅನ್ನುವುದನ್ನು ಖಾನಾಪುರದ ಅಬ್ದುಲ್ ಕರೀಂ ತೆಲಗಿ ನಮಗೆ ತೋರಿಸಿಕೊಟ್ಟ. ಅವನ ದಂಧೆಯ ಮಾಲು ಛಾಪಾ ಕಾಗದ. ಪತ್ರದ ಮೇಲಿನ ಸಹಿಗಳೆಲ್ಲ ಅಸಲಿಯೇ, ಅವುಗಳ ಕೆಳಗಿದ್ದ ಕಾಗದ ನಕಲಿ. ಅಮೆರಿಕದ ವ್ಯಾಪಾರಕ್ಕೂ ಈಗ ಅದೇ ಕಾಟ. ಸಹಿ ಕದಿಯುವುದರ ಜೊತೆಗೆ ಹಾಲೋಗ್ರಾಂ ಚೀಟಿಯನ್ನೇ ಅಚ್ಚು ಹಾಕುವವರು ಹುಟ್ಟಿಕೊಂಡಿದ್ದಾರೆ.

ನಮ್ಮ ಕ್ರಿಕೆಟ್ಟಿನಲ್ಲಿ ಈ ವ್ಯಾಪಾರ ಯಾಕೆ ಬೇರೂರಲಿಲ್ಲ ಎಂದು ಮೊಮ್ಮಗ ಕೇಳಿದ. ನಮ್ಮ ಕಾಲಕ್ಕೆ ಎಲ್ಲರ ಹತ್ತಿರ ಬಣ್ಣ ಬಣ್ಣದ ಹಾಳೆಗಳ ಆಟೋಗ್ರಾಫ್ ಪುಸ್ತಕವಿತ್ತು. 1974ರ ನವೆಂಬರಿನಲ್ಲಿ ಬೆಂಗಳೂರಿಗೆ ಮೊದಲ ಟೆಸ್ಟ್ ಪಂದ್ಯ ಬಂತು. ವೆಸ್ಟ್ ಇಂಡೀಸ್ ಕಡೆಯಿಂದ ಗಾರ್ಡನ್ ಗ್ರೀನಿಜ್, ವಿವ್ ರಿಚರ್ಡ್ಸ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಕಾಲೇಜು ತಪ್ಪಿಸಿ ಬಂದ ನಮ್ಮ ಗುಂಪಿನ ಕಣ್ಣೆಲ್ಲ ವಿಶ್ವನಾಥ್, ಚಂದ್ರಶೇಖರ್, ಪ್ರಸನ್ನರ ಮೇಲೆ. ಆ ಪುಸ್ತಕದಲ್ಲಿ ಆಟಗಾರರ ಸಹಿಯ ಎದುರು ಪುಟದಲ್ಲೇ ಸಹಪಾಠಿಗಳು ಬರೆದ ಬೀಳ್ಕೊಡುಗೆಯ ಸಾಲುಗಳೂ ಇರುತ್ತಿದ್ದವು. ಮಾರುವ ಯೋಚನೆ ಬಂದಿದ್ದರೆ ಯಾವ ಪುಟ ಹರಿಯುವುದು?

ಬೆಂಗಳೂರಿನಲ್ಲೇ ಒಂದು ಪ್ರಯತ್ನ ನಡೆಯಿತು. 2012ರಲ್ಲಿ ಅಂಜನಾ ರೆಡ್ಡಿ ಅವರ ಯೂನಿವರ್ಸಲ್ ಸ್ಪೋರ್ಟ್ಸ್‌ಬಿಜ್ ಕಂಪನಿ 'ಕಲೆಕ್ಟಬಿಲಿಯಾ' ಎಂಬ ಹೆಸರಿನಲ್ಲಿ ತಾರೆಯರ ಸಹಿಯ ವಸ್ತುಗಳನ್ನು ಮಾರಲು ಹೊರಟಿತು. ಸಚಿನ್ ತೆಂಡೂಲ್ಕರ್ ಅದರಲ್ಲಿ ಹಣ ಹೂಡಿದ್ದರು. ಕೆಲವೇ ವರ್ಷಗಳಲ್ಲಿ ಕಂಪನಿ ಬಟ್ಟೆಯ ಕಡೆ ಹೊರಳಿ ವಿರಾಟ್ ಕೊಹ್ಲಿ ಜೊತೆ 'ರಾಂಗ್' ಬ್ರಾಂಡ್ ಕಟ್ಟಿತು. ತಾರೆಯ ಸಹಿಗಿಂತ ತಾರೆಯ ಹೆಸರಿನ ಅಂಗಿ ನಮ್ಮಲ್ಲಿ ಹೆಚ್ಚು ಓಡಿತು. ದೊಡ್ಡ ಮೊತ್ತ ಎದ್ದದ್ದು ಹರಾಜುಗಳಲ್ಲಿ, ಅದೂ ಒಳ್ಳೆಯ ಕೆಲಸದ ಹೆಸರಿನಲ್ಲಿ. 2011ರ ವಿಶ್ವಕಪ್ ಫೈನಲ್‌ನಲ್ಲಿ ಧೋನಿ ಸಿಕ್ಸರ್ ಬಾರಿಸಿ ಗೆಲ್ಲಿಸಿದ ಬ್ಯಾಟು ಅದೇ ವರ್ಷ ಲಂಡನ್ನಿನ ಸಹಾಯಾರ್ಥ ಹರಾಜಿನಲ್ಲಿ 1 ಲಕ್ಷ ಪೌಂಡಿಗೆ ಹೋಯಿತು. ಪ್ರಧಾನಿಗೆ ಬಂದ ಉಡುಗೊರೆಗಳ 2021ರ ಹರಾಜಿನಲ್ಲಿ ನೀರಜ್ ಚೋಪ್ರಾ ಕೊಟ್ಟ ಜಾವೆಲಿನ್ 1.5 ಕೋಟಿ ರೂಪಾಯಿ ತಂದಿತು, ಕೊಂಡದ್ದು ಕ್ರಿಕೆಟ್ ಮಂಡಳಿ. ಧೋನಿಯ ಆ ಬ್ಯಾಟು ಹೊಡೆದದ್ದನ್ನು ಕೋಟ್ಯಂತರ ಜನ ಟಿವಿಯಲ್ಲಿ ಕಂಡಿದ್ದರು. ಸಾಕ್ಷಿಗೆ ಬೇರೆ ಖರ್ಚು ಬೇಕಾಗಲಿಲ್ಲ.

ಮೊಮ್ಮಗನ ಓರಗೆಯವರು ಸಹಿ ಕೇಳುವುದು ಕಡಿಮೆ, ಸೆಲ್ಫಿ ಕೇಳುತ್ತಾರೆ. ಕೇಳಿದರೂ ಆಟಗಾರ ಬರೆಯುತ್ತಿರುವಾಗಲೇ ಫೋನು ಹಿಡಿದು ವಿಡಿಯೊ ಮಾಡಿಕೊಳ್ಳುತ್ತಾರೆ. ಮುಂದೆ ಎಂದಾದರೂ ಮಾರಿದರೆ ಚೆಂಡಿನ ಜೊತೆ ಆ ವಿಡಿಯೊವನ್ನೂ ಕೊಡಬಹುದು. ಹಾಲೋಗ್ರಾಂ ಅಂಟಿಸುವವರಿಗಿಂತ ಇವರದೇ ಜಾಣತನ.

ಈ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಮನುಷ್ಯ ಆಗಲೇ ಹೇಳಿದ ಪೀಟ್ ರೋಸ್. ವೃತ್ತಿಜೀವನದಲ್ಲಿ 4,256 ಹಿಟ್, ಇವತ್ತಿಗೂ ಯಾರೂ ಮುಟ್ಟದ ದಾಖಲೆ. ತಂಡದ ಮ್ಯಾನೇಜರ್ ಆಗಿದ್ದಾಗ ಬೇಸ್‌ಬಾಲ್ ಮೇಲೆ ಜೂಜು ಕಟ್ಟಿದನೆಂದು 1989ರ ಆಗಸ್ಟಿನಲ್ಲಿ ಆಟದಿಂದ ಆಜೀವ ಹೊರಗಿಟ್ಟರು. ಹಾಲ್ ಆಫ್ ಫೇಮ್ ಬಾಗಿಲು ಮುಚ್ಚಿತು. ಜೂಜು ಕಟ್ಟಿಲ್ಲ, ಕಟ್ಟಿಲ್ಲ ಎಂದು 2004ರವರೆಗೆ ಸಾಧಿಸಿದ. ಕೊನೆಗೆ ತನ್ನದೇ ಪುಸ್ತಕದಲ್ಲಿ ಒಪ್ಪಿಕೊಂಡ. ಅಷ್ಟರಲ್ಲಿ ಅವನ ಬದುಕು ಲಾಸ್ ವೇಗಸ್‌ನ ಅಂಗಡಿಗಳಿಗೆ ಸ್ಥಳಾಂತರವಾಗಿತ್ತು. ಸೀಸರ್ಸ್ ಪ್ಯಾಲೇಸ್‌ನ ಫೋರಂ ಶಾಪ್ಸ್‌ನಲ್ಲಿ, ಆಮೇಲೆ ಮಾಂಡಲೇ ಬೇಯಲ್ಲಿ, ಸಹಿ ವಸ್ತುಗಳ ಅಂಗಡಿಯೊಳಗೆ ಮೇಜು ಹಾಕಿಕೊಂಡು ವರ್ಷಗಟ್ಟಲೆ ಕೂತ. ಹಾಲ್ ಆಫ್ ಫೇಮ್ ಸಮಾರಂಭ ನಡೆಯುವ ವಾರಾಂತ್ಯದಲ್ಲಿ ಆ ಭವನದ ಊರಾದ ಕೂಪರ್ಸ್‌ಟೌನ್‌ಗೇ ಹೋಗಿ, ಒಳಗೆ ಕರೆಯದವರ ಬೀದಿಯಲ್ಲೇ ಮೇಜು ಹಾಕುತ್ತಿದ್ದ. ಗಿರಾಕಿ ಕೇಳಿದರೆ 'ಬೇಸ್‌ಬಾಲ್ ಮೇಲೆ ಜೂಜು ಕಟ್ಟಿದ್ದಕ್ಕೆ ಕ್ಷಮಿಸಿ' ಎಂದು ಚೆಂಡಿನ ಮೇಲೆ ಬರೆದು ಕೆಳಗೆ ಹೆಸರು ಹಾಕಿಕೊಡುತ್ತಿದ್ದ. 2024ರ ಸೆಪ್ಟೆಂಬರ್ 30ರಂದು ತೀರಿಕೊಂಡ. 2025ರ ಮೇ ತಿಂಗಳಲ್ಲಿ ಬೇಸ್‌ಬಾಲ್ ಸಂಸ್ಥೆ ಅವನ ಹೆಸರನ್ನು ಬಹಿಷ್ಕೃತರ ಪಟ್ಟಿಯಿಂದ ತೆಗೆದುಹಾಕಿತು.

ಹದಿನೈದು ವರ್ಷ ಅವನ ಬಾಯಿಮಾತನ್ನು ಆಟದ ಅಧಿಕಾರಿಗಳು ನಂಬಲಿಲ್ಲ, ನಂಬದೆ ಇದ್ದದ್ದೇ ಸರಿಯಾಗಿತ್ತು. ಅದೇ ಮನುಷ್ಯನ ಸಹಿಯನ್ನು ಆ ಅಂಗಡಿಗಳಲ್ಲಿ ಅನುಮಾನಿಸಿದವರಿಲ್ಲ. ಹಾಲೋಗ್ರಾಂ, ಪರಿಣತ, ಲೆಕ್ಕಪರಿಶೋಧಕ ಯಾರೂ ಬೇಕಿರಲಿಲ್ಲ. ದುಡ್ಡು ಕೊಟ್ಟವನು ಮೇಜಿನ ಈಚೆ ನಿಂತಿರುತ್ತಿದ್ದ, ಬರೆಯುವವನು ಆಚೆ ಕೂತಿರುತ್ತಿದ್ದ. ಕೋಟ್ಯಂತರ ಡಾಲರಿನ ವ್ಯವಸ್ಥೆಯೊಂದು ಕಾಗದ, ಮುದ್ರೆ, ಸಂಖ್ಯೆಗಳನ್ನು ಹೊಂದಿಸಿಕೊಂಡು ಮಾಡಲು ಹೊರಟಿರುವುದೂ ಅಷ್ಟನ್ನೇ: ಎದುರಿಗಿರದ ಗಿರಾಕಿಗೆ ಎದುರಿಗಿದ್ದವನ ಕಣ್ಣನ್ನು ಎರವಲು ಕೊಡುವುದು. ಆ ಎರವಲಿಗೆ ದುಪ್ಪಟ್ಟು ಬೆಲೆ ಕೇಳಿದರೆ ಅದು ಅನ್ಯಾಯದ ಬೆಲೆಯೇನೂ ಅಲ್ಲ.